ಗೆದ್ದವರ ಧರ್ಮ

ಆಟದಲ್ಲಿ ಸೋತವನಿಗೆ ಉಪದೇಶ ಮಾಡತಕ್ಕವರಿಗೆ ಯಾವ ದೇಶದಲ್ಲಿಯೂ ಕೊರತೆಯಿಲ್ಲ. ರೆಫರಿಯ ತೀರ್ಪು ತಪ್ಪಾಗಿದ್ದರೂ ತಲೆಬಾಗಬೇಕು, ಸೋಲನ್ನು ನಗುಮುಖದಿಂದ ಹೊರಬೇಕು, ಎದುರಾಳಿಯ ಕೈಕುಲುಕಿ ಮನೆಗೆ ಹೋಗಬೇಕು; ಇದೇ ಕ್ರೀಡಾಧರ್ಮವೆಂದು ಶಾಲೆಯ ಬಾಲಕನಿಂದ ಹಿಡಿದು ವಿಶ್ವವಿದ್ಯಾನಿಲಯದ ತರುಣನವರೆಗೆ ಎಲ್ಲರಿಗೂ ಬೋಧಿಸುತ್ತಾರೆ. ಬೋಧನೆಯೇನೋ ಸರಿಯಾದುದೇ. ಆದರೆ ಅದು ಒಕ್ಕಣ್ಣಿನ ಬೋಧನೆ. ತಪ್ಪು ತೀರ್ಪಿನಿಂದ ಕಳೆದುಕೊಂಡವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ನೂರು ಬಾಯಿಗಳು ಹೇಳುತ್ತವೆ. ಅದೇ ತೀರ್ಪಿನಿಂದ ಪಡೆದುಕೊಂಡವನು ಹೇಗೆ ನಡೆದುಕೊಳ್ಳಬೇಕೆಂದು ಕೇಳಿದರೆ ಆ ನೂರು ಬಾಯಿಗಳೂ ಮುಚ್ಚಿಕೊಳ್ಳುತ್ತವೆ. ತಾಳ್ಮೆಯು ಸೋತವನ ಪಾಲಿನ ಕರ್ತವ್ಯವಾದರೆ, ತನ್ನದಲ್ಲದ ಜಯವನ್ನು ಹಿಂದಿರುಗಿಸುವುದು ಗೆದ್ದವನ ಪಾಲಿನ ಕರ್ತವ್ಯವಲ್ಲವೆ? ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳುವುದು ಧರ್ಮೋಪದೇಶವಲ್ಲ. ದುರ್ಬಲನಿಗೆ ಹೇಳುವ ಸಮಾಧಾನ.

ಈ ಒಕ್ಕಣ್ಣುತನವು ಎಷ್ಟು ದೂರ ಹೋಗಬಲ್ಲುದೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಆಟವನ್ನು ನೋಡಬೇಕು. ಅಲ್ಲಿ ಆ ಆಟವು ಕೇವಲ ವಿದ್ಯಾರ್ಥಿಗಳ ವಿನೋದವಾಗಿ ಉಳಿದಿಲ್ಲ. ಒಂದೊಂದು ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಲಕ್ಷಕ್ಕೆ ಮೀರಿ ಜನ ಕೂಡುವುದುಂಟು. ಆಟ ಕಲಿಸುವ ಕೋಚಿನ ಸಂಬಳವು ಪಾಠ ಹೇಳುವ ಪಂಡಿತರ ಸಂಬಳವನ್ನು ಮಾತ್ರವಲ್ಲ, ವಿಶ್ವವಿದ್ಯಾನಿಲಯದ ಅಧ್ಯಕ್ಷರ ಸಂಬಳವನ್ನೂ ಎಷ್ಟೋ ಮಡಿ ಮೀರಿರುವುದುಂಟು. ಇಷ್ಟು ಹಣವೂ ಅಭಿಮಾನವೂ ಸೇರಿರುವ ಕಡೆ ಧರ್ಮದ ಪರೀಕ್ಷೆಯೂ ಕಠಿನವಾಗಿಯೇ ಇರುತ್ತದೆ.

ಆ ಆಟದ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕಾಲಿನಿಂದ ಒದೆಯುವ ಆಟವಷ್ಟೆ. ಅಮೆರಿಕದವರದು ಬೇರೆ. ಅಲ್ಲಿಯ ಚೆಂಡು ನೀಳವಾದ ಮೊಟ್ಟೆಯಾಕಾರದ್ದು. ಅದನ್ನು ಎದೆಗವುಚಿಕೊಂಡು ಓಡುತ್ತಾರೆ, ಕೈಯಿಂದ ಎಸೆಯುತ್ತಾರೆ. ನೂರು ಗಜದ ಬಯಲಿನಲ್ಲಿ ಹನ್ನೊಂದು ಜನರಿಗೆ ಹನ್ನೊಂದು ಜನ ಇದಿರು. ಚೆಂಡು ಯಾರ ವಶದಲ್ಲಿದೆಯೋ ಆ ತಂಡಕ್ಕೆ ಹತ್ತು ಗಜ ಮುಂದುವರಿಯುವುದಕ್ಕೆ ನಾಲ್ಕು ಅವಕಾಶಗಳು. ಒಂದೊಂದಕ್ಕೂ ‘ಡೌನ್’ ಎಂದು ಹೆಸರು. ಎದುರಾಳಿಯ ಗೆರೆಯ ಹತ್ತಿರಕ್ಕೆ ಬಂದಾಗ ಆ ನಾಲ್ಕರೊಳಗೆ ಗೆರೆಯನ್ನೇ ದಾಟಬೇಕು. ದಾಟಿದರೆ ಆರು ಅಂಕ, ಬಳಿಕ ಒಂದು ಒದೆತದಿಂದ ಇನ್ನೊಂದು ಅಂಕ. ದಾಟಲಾಗದಿದ್ದರೆ ಚೆಂಡು ಎದುರಾಳಿಗೆ ಸೇರತಕ್ಕದ್ದು. ನಾಲ್ಕು ಎಂದರೆ ನಾಲ್ಕೇ. ಎಷ್ಟನೆಯ ಡೌನ್ ನಡೆಯುತ್ತಿದೆಯೆಂಬುದನ್ನು ಬಯಲಿನ ಅಂಚಿನಲ್ಲಿ ಒಂದು ಕೋಲಿನ ತುದಿಯ ಅಂಕಿಯಿಂದ ಎಲ್ಲರಿಗೂ ತೋರಿಸುತ್ತಾರೆ. ಎಣಿಸುವುದು ಮಗುವಿಗೂ ಬರುವ ವಿದ್ಯೆ. ಆದರೂ ಗದ್ದಲದಲ್ಲಿ ಎಣಿಕೆ ತಪ್ಪುವುದುಂಟು.

೧೯೪೦ನೆಯ ಇಸವಿ ನವೆಂಬರ್ ೧೬ನೆಯ ತಾರೀಖು ಶನಿವಾರ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರಿನಲ್ಲಿ ಹಾಗೆಯೇ ಆಯಿತು. ಆ ಊರಿನ ಡಾರ್ಟ್‌ಮತ್ ಕಾಲೇಜಿಗೂ ನ್ಯೂಯಾರ್ಕ್ ಸಂಸ್ಥಾನದ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೂ ಪಂದ್ಯ. ಕಾರ್ನೆಲ್ ಸತತವಾಗಿ ೧೮ ಆಟಗಳಲ್ಲಿ ಸೋಲು ಕಾಣದೆ ಬಂದಿದ್ದ ತಂಡ. ರಾಷ್ಟ್ರದ ಅಗ್ರಪಂಕ್ತಿಯಲ್ಲಿ ಅದರ ಹೆಸರು. ಡಾರ್ಟ್‌ಮತ್‌ನಿಂದ ಯಾರೂ ಹೆಚ್ಚೇನನ್ನೂ ನಿರೀಕ್ಷಿಸಿರಲಿಲ್ಲ. ಆದರೆ ಕೊನೆಯ ಭಾಗದಲ್ಲಿ ಡಾರ್ಟ್‌ಮತ್ ಒದೆತದ ಗೋಲಿನಿಂದ ಮೂರು ಅಂಕ ಗಳಿಸಿತು, ಕಾರ್ನೆಲ್‌ಗೆ ಸೊನ್ನೆ. ಆಟವು ಮುಗಿಯುವ ಹೊತ್ತಿಗೆ ಕಾರ್ನೆಲ್ ಎದುರಾಳಿಯ ಗೆರೆಗೆ ಆರು ಗಜದ ದೂರಕ್ಕೆ ಬಂದು ನಿಂತಿತು. ಮೂರು ಸಲ ನುಗ್ಗಿದರು. ಗೆರೆಯ ಬಳಿಗೆ ಬಂದರೇ ಹೊರತು ದಾಟಲಿಲ್ಲ. ನಡುವೆ ನಿಯಮಭಂಗಕ್ಕಾಗಿ ಐದು ಗಜ ಹಿಂದಕ್ಕೆ ಸರಿಯಬೇಕಾಯಿತು. ನಾಲ್ಕನೆಯ ಸಲ ಎಸೆದ ಚೆಂಡನ್ನು ಡಾರ್ಟ್‌ಮತ್‌ನವರು ನೆಲಕ್ಕೆ ಕೆಡವಿದರು. ಅಲ್ಲಿಗೆ ಕಾರ್ನೆಲ್‌ನ ಸರದಿ ತೀರಿತು. ರೆಫರಿ ಫ್ರೀಸೆಲ್ ಎಂಬವರು, ಪಳಗಿದವರೇ, ಎಣಿಕೆ ತಪ್ಪಿ ಚೆಂಡನ್ನು ಪುನಃ ಕಾರ್ನೆಲ್‌ಗೇ ಕೊಟ್ಟರು. ಇರಕೂಡದ ಐದನೆಯ ಡೌನಿನಲ್ಲಿ, ಕೆಲವೇ ಕ್ಷಣಗಳು ಉಳಿದಿರುವಾಗ, ಕಾರ್ನೆಲ್ ಗೆರೆ ದಾಟಿತು. ಏಳು ಅಂಕಗಳಿಗೆ ಮೂರು. ಸೋಲಿಲ್ಲದ ತಂಡ ಸೋಲಿಲ್ಲದೆಯೇ ಊರಿಗೆ ಹೊರಟಿತು.

ಇಲ್ಲಿಂದ ಮುಂದಿನದೇ ವಿಚಾರಾರ್ಹವಾದದ್ದು. ಆಟದ ಚಲಚ್ಚಿತ್ರವನ್ನು ತರಿಸಿ ನೋಡಿದರು. ಐದು ಡೌನುಗಳು ಸ್ಪಷ್ಟವಾಗಿದ್ದುವು. ಫ್ರೀಸೆಲ್ ತಮ್ಮ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡರು. ಆದರೆ ಒಪ್ಪಿಕೊಂಡ ಮಾತ್ರದಿಂದ ಆಗುವುದೇನು? ಆಟ ಮುಗಿದ ಮೇಲೆ ರೆಫರಿಗೆ ಫಲಿತಾಂಶವನ್ನು ತಿದ್ದುವ ಅಧಿಕಾರವಿಲ್ಲ. ಅವನ ಮೇಲಿನವರಿಗೂ ಇಲ್ಲ. ಕಾರ್ನೆಲ್ ಸುಮ್ಮನೆ ಕುಳಿತಿದ್ದರೆ ಯಾವ ನಿಯಮವೂ ಅದನ್ನು ಅಲುಗಿಸುವಂತಿರಲಿಲ್ಲ, ಯಾವ ನ್ಯಾಯಸ್ಥಾನವೂ ಕರೆಯುವಂತಿರಲಿಲ್ಲ. ಆ ವಿಶ್ವವಿದ್ಯಾನಿಲಯದ ಅಧ್ಯಕ್ಷರು ಎಡ್ಮಂಡ್ ಎಜ್ರಾ ಡೇ ಎಂಬ ಅರ್ಥಶಾಸ್ತ್ರಜ್ಞರು. ಅವರ ಆಡಳಿತದಲ್ಲಿ ಕ್ರೀಡಾಧಿಕಾರಿಯೂ, ಕೋಚ್ ಕಾರ್ಲ್ ಸ್ನೇವ್ಲಿಯೂ ಡಾರ್ಟ್‌ಮತ್‌ಗೆ ತಂತಿ ಕಳುಹಿಸಿ, ಜಯವು ನಿಮ್ಮದು, ಸ್ವೀಕರಿಸಬೇಕು ಎಂದು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟರು. ಡಾರ್ಟ್‌ಮತ್ ಸ್ವೀಕರಿಸಿತು. ಮೂರು ಅಂಕಗಳಿಗೆ ಸೊನ್ನೆ ಎಂದು ಎರಡು ಕಡೆಯವರೂ ಬರೆದುಕೊಂಡರು.

ಡೇ ಅವರು ತಮ್ಮ ವಿದ್ಯಾರ್ಥಿದೆಸೆಯನ್ನು ಡಾರ್ಟ್‌ಮತ್‌ನಲ್ಲಿಯೇ ಕಳೆದವರೆಂಬುದು ಕೆಲವರಿಗೆ ಸಂಶಯದ ಎಡೆಯಾಗಿ ಕಾಣಬಹುದು. ತಾಯ್ಮನೆಯ ಮೇಲಣ ಮಮತೆಯೆಂದು ಹೇಳುವುದು ಸುಲಭ. ಆದರೆ ತಮ್ಮ ವಿದ್ಯಾರ್ಥಿಗಳ ಇದಿರಿನಲ್ಲಿ ನಿಂತು, ನೀವು ಗೆದ್ದೆವೆಂದುಕೊಂಡದ್ದು ಗೆಲುವಲ್ಲವೆಂದು ಹೇಳುವ ಕಷ್ಟವು ಅಂಥ ಹಿನ್ನೆಲೆಯುಳ್ಳವರಿಗೆ ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದಕ್ಕೆ ಹೇಳತಕ್ಕ ಆಕ್ಷೇಪಗಳು ಹಲವಿವೆ. ಅವೆಲ್ಲವನ್ನೂ ಹುಸಿಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮೊದಲನೆಯದು, ನಿಯಮದ ಆಕ್ಷೇಪ. ಆಟ ಮುಗಿಯಿತೆಂದು ರೆಫರಿ ಸಾರಿದೊಡನೆ ಅಂಕಗಳು ಸ್ಥಿರವೆಂದು ಕಾಲೇಜು ಫುಟ್‌ಬಾಲಿನ ನಿಯಮಗ್ರಂಥವೇ ಹೇಳುತ್ತದೆ. ಅದರ ಮೇಲೆ ಮಾತೇಕೆ ಎನ್ನುವರು. ಆ ನಿಯಮವು ಅತ್ಯಂತ ವಿವೇಕದ ನಿಯಮ. ಅದಿಲ್ಲದಿದ್ದರೆ ಪ್ರತಿಯೊಂದು ಆಟವೂ ಮೈದಾನವನ್ನು ಬಿಟ್ಟು ವಕೀಲರ ಮನೆಗೆ ಹೋಗುತ್ತಿತ್ತು. ಆದರೆ ನಿಯಮವು ಕಟ್ಟಿಹಾಕುವುದು ಯಾರನ್ನು? ತೀರ್ಪು ತಿದ್ದಬೇಕೆಂದು ಬೊಬ್ಬಿಡುವ ಸೋತವನನ್ನೂ, ಒತ್ತಡಕ್ಕೆ ಸಿಕ್ಕಿ ತಿದ್ದಹೊರಡುವ ಅಧಿಕಾರಿಯನ್ನೂ. ಗೆದ್ದವನ ಕೈಯನ್ನು ಅದು ಎಲ್ಲಿಯೂ ಕಟ್ಟಿಲ್ಲ. ಸಾಲದ ಪತ್ರಕ್ಕೆ ಅವಧಿ ಮೀರಿತೆಂದು ಕಚೇರಿಯಲ್ಲಿ ದಾವೆ ವಜಾ ಆಗಬಹುದು. ಸಾಲಗಾರನು ತಾನಾಗಿ ಹಣ ತಂದುಕೊಟ್ಟರೆ ಬೇಡವೆನ್ನುವ ಕಾಯಿದೆ ಯಾವ ದೇಶದಲ್ಲಿದೆ?

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ಒಂದು ಆಟದಲ್ಲಿ ರೆಫರಿಗಳ ತಪ್ಪು ಒಂದೆ, ಎರಡೆ? ಹಿಡಿಯಬಾರದಲ್ಲಿ ಹಿಡಿದದ್ದು ಕಾಣದೆ ಹೋಗುತ್ತದೆ. ಗೆರೆ ಮುಟ್ಟಿದ ಕಾಲು ಮುಟ್ಟಲಿಲ್ಲವೆಂದಾಗುತ್ತದೆ. ಎಲ್ಲವನ್ನೂ ತೂಗಿ ಜಯವನ್ನು ಹಿಂದಿರುಗಿಸುತ್ತ ಕುಳಿತರೆ ಗೆದ್ದವರೆಂಬವರೇ ಉಳಿಯುವುದಿಲ್ಲವಷ್ಟೆ? ಇಲ್ಲಿ ಒಂದು ವಿವೇಚನೆ ಬೇಕು. ಕಣ್ಣಿನ ತೀರ್ಮಾನ ಬೇರೆ, ಎಣಿಕೆ ಬೇರೆ. ಕಾಲು ಗೆರೆಯನ್ನು ಮುಟ್ಟಿತೆ ಎಂಬುದು ನೋಡುವವನ ನಿಲವನ್ನು ಹೊಂದಿಕೊಂಡಿದೆ. ಅಂಥ ತೀರ್ಮಾನಕ್ಕಾಗಿಯೇ ರೆಫರಿಯನ್ನು ಇಟ್ಟಿರುವುದು. ಅವನು ಹೇಳಿದ್ದೇ ಆಟ. ಅಂಥ ತಪ್ಪು ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ. ಅದನ್ನು ಎರಡು ಪಕ್ಷದವರೂ ಸಹಿಸತಕ್ಕದ್ದೇ. ನಾಲ್ಕರ ನಂತರ ಐದು ಕೊಟ್ಟದ್ದು ಹಾಗಲ್ಲ. ಅಲ್ಲಿ ಅಭಿಪ್ರಾಯಕ್ಕೆ ಎಡೆಯೇ ಇಲ್ಲ. ರೆಫರಿಯ ತೀರ್ಮಾನವನ್ನು ಗೌರವಿಸುವುದೆಂದರೆ ಅವನ ಕೈಬೆರಳುಗಳ ಎಣಿಕೆಯನ್ನೂ ವೇದವಾಕ್ಯವೆನ್ನುವುದಲ್ಲ. ತಪ್ಪು ನಿಸ್ಸಂದೇಹವಾಗಿರಬೇಕು, ಆ ತಪ್ಪಿನಿಂದಲೇ ಜಯ ದೊರೆತಿರಬೇಕು, ತಪ್ಪು ಮಾಡಿದವನೇ ಒಪ್ಪಿಕೊಂಡಿರಬೇಕು. ಇವು ಮೂರೂ ಕೂಡುವುದು ಅಪರೂಪ. ಹ್ಯಾನೋವರಿನಲ್ಲಿ ಕೂಡಿದ್ದುವು.

ಮತ್ತೆ ಕೆಲವರು, ಗೆದ್ದವನೇ ತೀರ್ಪನ್ನು ಬದಿಗೆ ಸರಿಸಿದರೆ ರೆಫರಿಗೆ ಅವಮಾನವೆನ್ನುವರು. ಇದಕ್ಕೆ ಉತ್ತರ ಕೊಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕ್ರಿಕೆಟ್ಟಿನಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ೧೯೮೦ನೆಯ ಇಸವಿ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಅವರು ಭಾರತದ ನಾಯಕರಾಗಿದ್ದಾಗ ಇಂಗ್ಲೆಂಡಿನ ಬಾಬ್ ಟೇಲರ್ ಔಟಾದರೆಂದು ಅಂಪೈರು ಬೆರಳೆತ್ತಿದರು. ಇಂಗ್ಲೆಂಡು ೫೮ ಓಟಗಳಿಗೆ ಐದು ವಿಕೆಟ್ಟುಗಳನ್ನು ಕಳೆದುಕೊಂಡು ಕಂಗೆಟ್ಟಿದ್ದ ಸಮಯ. ಚೆಂಡು ಬ್ಯಾಟಿಗೆ ತಾಕಲಿಲ್ಲವೆಂದು ಮನಗಂಡ ವಿಶ್ವನಾಥರು ಅಂಪೈರಿನೊಡನೆ ಮಾತನಾಡಿ ಟೇಲರರನ್ನು ಹಿಂದಕ್ಕೆ ಕರೆಸಿದರು. ಟೇಲರರೂ ಬಾಥಮ್ಮರೂ ಸೇರಿ ೧೭೧ ಓಟ ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಅಂಪೈರಿಗೆ ಅದರಿಂದ ಅವಮಾನವಾಯಿತೆಂದು ಯಾರೂ ಹೇಳಲಿಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿಯೂ ರೆಫರಿ ಎದುರಾಳಿಗೆ ವಿಧಿಸಿದ ದಂಡವನ್ನು ‘ಬೇಡ’ ಎನ್ನುವ ಹಕ್ಕು ತಂಡಗಳಿಗುಂಟು. ಅದನ್ನು ಅವರು ಲಾಭವಿದ್ದಾಗ ಮಾತ್ರ ಬಳಸುತ್ತಾರೆಂಬುದು ಬೇರೆಯ ಮಾತು.

ಹ್ಯಾನೋವರಿನ ಮಾದರಿ ಎದುರಿಗಿದ್ದೂ ಐವತ್ತು ವರ್ಷಗಳ ತರುವಾಯ ಏನಾಯಿತು? ೧೯೯೦ನೆಯ ಇಸವಿ ಅಕ್ಟೋಬರ್ ೬ನೆಯ ತಾರೀಖು ಮಿಸೌರಿ ಸಂಸ್ಥಾನದ ಕೊಲಂಬಿಯಾ ನಗರದಲ್ಲಿ ಮಿಸೌರಿ ವಿಶ್ವವಿದ್ಯಾನಿಲಯಕ್ಕೂ ಕೊಲರಾಡೋ ವಿಶ್ವವಿದ್ಯಾನಿಲಯಕ್ಕೂ ಆಟ. ಮಿಸೌರಿ ೩೧, ಕೊಲರಾಡೋ ೨೭. ಕೊನೆಯ ನಿಮಿಷದಲ್ಲಿ ಕೊಲರಾಡೋ ಗೆರೆಗೆ ಮೂರು ಗಜದ ದೂರದಲ್ಲಿ. ಗಡಿಯಾರವನ್ನು ನಿಲ್ಲಿಸುವುದಕ್ಕಾಗಿ ಮೊದಲನೆಯ ಡೌನಿನಲ್ಲಿ ಚೆಂಡನ್ನು ನೆಲಕ್ಕೆ ಬಡಿದರು. ಎರಡನೆಯದರಲ್ಲಿ ನುಗ್ಗಿದರು, ಗೆರೆಯ ಮುಂದೆಯೇ ತಡೆದರು. ಆಗ ವಿರಾಮ. ವಿರಾಮದ ಗಡಿಬಿಡಿಯಲ್ಲಿ ಅಂಚಿನ ಅಂಕಿಯನ್ನು ಬದಲಿಸುವುದನ್ನು ಮರೆತರು. ಮತ್ತೊಮ್ಮೆ ನುಗ್ಗಿ ಸೋತು, ಮತ್ತೊಮ್ಮೆ ಚೆಂಡನ್ನು ನೆಲಕ್ಕೆ ಬಡಿದು, ಎರಡು ಸೆಕೆಂಡು ಉಳಿದಿರುವಾಗ ಐದನೆಯ ಡೌನಿನಲ್ಲಿ ಗೆರೆಯ ಮೇಲೆ ಬಿದ್ದರು. ದಾಟಿದರೆಂದು ತೀರ್ಪಾಯಿತು. ೩೩ಕ್ಕೆ ೩೧. ಒಕ್ಕೂಟದವರು ತಪ್ಪನ್ನು ಒಪ್ಪಿದರು, ತೀರ್ಪುಗಾರರನ್ನು ಅಮಾನತಿನಲ್ಲಿಟ್ಟರು, ಫಲಿತಾಂಶವನ್ನು ಹಾಗೆಯೇ ಬಿಟ್ಟರು. ದಾರಿ ತಪ್ಪಿ ಬಂದ ಒಡವೆ ಯಾರದೆಂದು ಗೊತ್ತಾಯಿತು, ಕಾವಲುಗಾರನಿಗೆ ಶಿಕ್ಷೆಯೂ ಆಯಿತು. ಒಡವೆ ಮಾತ್ರ ಸಿಕ್ಕಿದವನ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಕೊಲರಾಡೋ ಪಕ್ಷಕ್ಕೆ ಒಂದು ನಿಜವಾದ ವಾದವಿತ್ತೆಂಬುದನ್ನು ಹೇಳದಿರುವುದು ಅನ್ಯಾಯವಾದೀತು. ಅಂಕಿ ಸರಿಯಾಗಿದ್ದರೆ ನಾಲ್ಕನೆಯ ಡೌನಿನಲ್ಲಿ ಚೆಂಡನ್ನು ನೆಲಕ್ಕೆ ಬಡಿದು ಯಾರು ವ್ಯರ್ಥಮಾಡುತ್ತಿದ್ದರು? ಗೆರೆಯ ಕಡೆಗೇ ನುಗ್ಗುತ್ತಿದ್ದರು, ಪ್ರಾಯಶಃ ದಾಟುತ್ತಿದ್ದರು. ತಪ್ಪು ಅಂಕಿ ಅವರನ್ನೂ ಮೋಸಗೊಳಿಸಿತು. ಕಾರ್ನೆಲ್‌ನ ಸಂದರ್ಭಕ್ಕೂ ಇದಕ್ಕೂ ಇರುವ ಭೇದವು ಇದೇ, ಸಣ್ಣ ಭೇದವಲ್ಲ. ಆದರೆ ‘ಪ್ರಾಯಶಃ ಗೆಲ್ಲುತ್ತಿದ್ದೆವು’ ಎಂಬುದು ಗೆಲುವಲ್ಲ. ಇನ್ನೂ ವಿಷಾದಕರವಾದದ್ದೆಂದರೆ, ಅವರ ಕೋಚ್ ಬಿಲ್ ಮ್ಯಾಕ್‌ಕಾರ್ಟ್ನಿ ಲೋಕದೆದುರಿಗೆ ಮುಂದಿಟ್ಟ ಕಾರಣ ಬೇರೆ: ಮೈದಾನ ಕೆಟ್ಟಿತ್ತು, ಆಟಗಾರರ ಕಾಲು ಜಾರುತ್ತಿತ್ತು, ಆದುದರಿಂದ ಜಯವನ್ನು ಬಿಟ್ಟುಕೊಡಬೇಕಾಗಿಲ್ಲ! ಗದಾಯುದ್ಧದಲ್ಲಿ ತೊಡೆಗೆ ಹೊಡೆದ ಭೀಮನಿಗೆ ತುಂಬಿದ ಸಭೆಯಲ್ಲಿ ಮಾಡಿದ ಪ್ರತಿಜ್ಞೆಯಾದರೂ ಇತ್ತು. ಇಲ್ಲಿ ಜಾರುವ ಹುಲ್ಲುಹಾಸು. ಮಿಸೌರಿಯವರ ಕಾಲುಗಳು ಅದೇ ಹಾಸಿನ ಮೇಲೆ ಇರಲಿಲ್ಲವೇನು?

ಈ ಮ್ಯಾಕ್‌ಕಾರ್ಟ್ನಿಯವರೂ ಡೇ ಅವರ ಹಾಗೆಯೇ ಎದುರುಪಕ್ಷದ ವಿದ್ಯಾಶಾಲೆಯಲ್ಲಿ ಬೆಳೆದವರು. ತಾರುಣ್ಯದಲ್ಲಿ ಮಿಸೌರಿಯ ಪರವಾಗಿಯೇ ಆಡಿದವರು. ಒಬ್ಬರು ತಾಯ್ಮನೆಗೆ ಅದರದನ್ನು ಹಿಂದಿರುಗಿಸಿದರು, ಇನ್ನೊಬ್ಬರು ಉಳಿಸಿಕೊಂಡರು. ಆ ವರ್ಷದ ಕೊನೆಯಲ್ಲಿ ಕೊಲರಾಡೋಗೆ ರಾಷ್ಟ್ರದ ಪ್ರಥಮಸ್ಥಾನವು ದೊರೆಯಿತು. ಅದೂ ಅಖಂಡವಾಗಿ ಅಲ್ಲ: ಪತ್ರಿಕಾಕರ್ತರ ಮತದಲ್ಲಿ ಕೊಲರಾಡೋ, ಕೋಚುಗಳ ಮತದಲ್ಲಿ ಜಾರ್ಜಿಯ ಟೆಕ್. ವರ್ಷಗಳು ಕಳೆದ ಮೇಲೆ ಮ್ಯಾಕ್‌ಕಾರ್ಟ್ನಿ ಮಿಸೌರಿಗೇ ಬಂದು ಅಂದಿನ ನಡತೆಗಾಗಿ ಪಶ್ಚಾತ್ತಾಪ ಪಟ್ಟರು. ಅವರ ಮನಸ್ಸಿನ ಮಟ್ಟಿಗೆ ಅದು ದೊಡ್ಡದು. ಆದರೆ ಸೋಮವಾರ ಬರಬೇಕಾಗಿದ್ದ ತಂತಿಗೆ ವರ್ಷಗಳ ಬಳಿಕ ಬಂದ ಮಾತು ಸಮವಾದೀತೆ?

ಸೋತವರೆಲ್ಲರೂ ಸಾಧುಗಳೆಂದೂ ಗೆದ್ದವರೆಲ್ಲರೂ ಲೋಭಿಗಳೆಂದೂ ಇಷ್ಟರಿಂದ ಭಾವಿಸಕೂಡದು. ೨೦೦೬ನೆಯ ಇಸವಿ ಸೆಪ್ಟೆಂಬರ್ ೧೬ರಂದು ಆರೆಗಾನ್ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಒಕ್ಲಹೋಮದವರು ಆಟದ ಕೊನೆಯ ಗಳಿಗೆಯಲ್ಲಿ ಮುಂದಿದ್ದರು. ಆರೆಗಾನಿನವರು ಗಿಡ್ಡವಾಗಿ ಒದ್ದ ಚೆಂಡನ್ನು ಅವರ ಆಟಗಾರನೇ ಹತ್ತು ಗಜ ಹೋಗುವ ಮೊದಲೇ ಮುಟ್ಟಿದ್ದನು. ಮೇಲಾಗಿ ಚೆಂಡು ಕೊನೆಗೆ ಸೇರಿದ್ದು ಒಕ್ಲಹೋಮದವನ ಕೈಗೆ. ತೀರ್ಪುಗಾರರು ಎರಡನ್ನೂ ಕಾಣದೆ, ಚಿತ್ರವನ್ನು ಮರಳಿ ನೋಡಿಯೂ ಕಾಣದೆ, ಚೆಂಡನ್ನು ಆರೆಗಾನ್‌ಗೆ ಕೊಟ್ಟರು. ಆರೆಗಾನ್ ೩೪–೩೩ರಿಂದ ಗೆದ್ದಿತು. ಆ ಒಕ್ಕೂಟವು ತಪ್ಪೊಪ್ಪಿ ತೀರ್ಪುಗಾರರನ್ನು ಒಂದು ಆಟದ ಮಟ್ಟಿಗೆ ದೂರವಿಟ್ಟಿತು. ಇಲ್ಲಿಯವರೆಗೆ ಸಹಾನುಭೂತಿಯು ಒಕ್ಲಹೋಮದ ಕಡೆಗೇ. ಆದರೆ ಅನಂತರ ಅಲ್ಲಿಯ ಅಧ್ಯಕ್ಷರಾಗಿದ್ದ ಡೇವಿಡ್ ಬೋರೆನ್, ಹಿಂದೆ ಅಮೆರಿಕದ ಸೆನೆಟ್ಟಿನ ಸದಸ್ಯರಾಗಿದ್ದವರು, ಆ ಆಟವನ್ನೇ ದಾಖಲೆಯಿಂದ ಅಳಿಸಿಹಾಕಬೇಕೆಂದು ಪತ್ರ ಬರೆದರು. ಅಭಿಮಾನಿಗಳೆನಿಸಿಕೊಂಡವರಂತೂ ಚಿತ್ರ ನೋಡಿ ತೀರ್ಪು ಹೇಳಿದ ಅಧಿಕಾರಿಯ ಮನೆಗೆ ಪ್ರಾಣಬೆದರಿಕೆಯ ಕರೆಗಳನ್ನು ಮಾಡಿದರು.

ಹತ್ತು ಗಜದ ಲೆಕ್ಕ ತಪ್ಪಿದ್ದಕ್ಕೆ ಒಬ್ಬ ಮನುಷ್ಯನ ಪ್ರಾಣದ ಬೆಲೆ! ಕಾಲೇಜು ಫುಟ್‌ಬಾಲಿನ ತೀರ್ಪುಗಾರರಲ್ಲಿ ಬಹುಮಂದಿಗೆ ಅದು ಜೀವನೋಪಾಯವಲ್ಲ. ವಾರವೆಲ್ಲ ಬೇರೆ ಉದ್ಯೋಗ ಮಾಡಿ ಶನಿವಾರ ಸೀಟಿ ಹಿಡಿಯುವವರು. ಅವರ ಮನೆಯ ಬಾಗಿಲಿಗೆ ಕೋಪವನ್ನು ಕೊಂಡೊಯ್ಯುವವನು ತನಗೆ ನ್ಯಾಯ ಸಿಕ್ಕಲಿಲ್ಲವೆಂದು ಹೇಳುವ ಅಧಿಕಾರವನ್ನೇ ಕಳೆದುಕೊಳ್ಳುತ್ತಾನೆ. ಇತ್ತ ಸುಶಿಕ್ಷಿತರಾದ ಅಧ್ಯಕ್ಷರೂ ವಿಚಾರಿಸಬೇಕಾಗಿತ್ತು: ಬೇಡಿಕೊಂಡು ಪಡೆದ ತಿದ್ದುಪಡಿಯಿಂದ ಅವರ ತಂಡಕ್ಕೆ ಒಂದು ಸೋಲು ಕಡಿಮೆಯಾಗಬಹುದಿತ್ತು, ಆದರೆ ಅಧಿಕಾರವುಳ್ಳವರು ಒತ್ತಿದರೆ ಫಲಿತಾಂಶ ಬದಲಾಗುತ್ತದೆಂಬ ಪಾಠವನ್ನು ಆ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಕೊಡುವುದು ಗೆದ್ದವರಿಂದ ಬರಬೇಕು. ಕಸಿದುಕೊಂಡದ್ದು ಧರ್ಮವಾಗದು. ಆರೆಗಾನಿನಿಂದಲಾದರೋ ಯಾವ ತಂತಿಯೂ ಹೋಗಲಿಲ್ಲ.

ಯಂತ್ರಗಳು ಬಂದ ಮೇಲೆ ಈ ಚರ್ಚೆಯೇ ನಿರರ್ಥಕವೆಂದು ನಂಬುವವರಿದ್ದಾರೆ. ಚಿತ್ರವನ್ನು ಕೂಡಲೆ ಮರಳಿ ನೋಡುವ ಪದ್ಧತಿಯನ್ನು ೨೦೦೪ರಲ್ಲಿ ಬಿಗ್ ಟೆನ್ ಒಕ್ಕೂಟವು ಪ್ರಯೋಗಿಸಿತು; ೨೦೦೬ರ ಹೊತ್ತಿಗೆ ಅದು ದೇಶಕ್ಕೆಲ್ಲ ಹರಡಿತು. ಆರೆಗಾನಿನ ತಪ್ಪು ಆ ವರ್ಷದ್ದೇ ಎಂಬುದನ್ನು ಗಮನಿಸಬೇಕು. ೨೦೧೫ನೆಯ ಇಸವಿ ಅಕ್ಟೋಬರ್ ೩೧ರಂದು ಡ್ಯೂಕ್ ವಿಶ್ವವಿದ್ಯಾನಿಲಯದ ವಿರುದ್ಧ ಮಯಾಮಿಯವರು ಕೊನೆಯ ಕ್ಷಣದಲ್ಲಿ ಚೆಂಡನ್ನು ಎಂಟು ಸಲ ಒಬ್ಬರಿಂದೊಬ್ಬರಿಗೆ ದಾಟಿಸಿ ಗೆದ್ದಾಗ, ಒಬ್ಬನ ಮೊಣಕಾಲು ಅದಕ್ಕೆ ಮೊದಲೇ ನೆಲವನ್ನು ಮುಟ್ಟಿತ್ತು. ಸುಮಾರು ಒಂಬತ್ತು ನಿಮಿಷ ಚಿತ್ರವನ್ನು ನೋಡಿಯೂ ಜಯವನ್ನು ಮಯಾಮಿಗೇ ಕೊಟ್ಟರು. ಮರುದಿನ ಒಕ್ಕೂಟವು ತಪ್ಪೆಂದಿತು. ತೀರ್ಪುಗಾರರನ್ನು ಎರಡು ಆಟಗಳ ಮಟ್ಟಿಗೆ ಅಮಾನತುಮಾಡಿತು. ೩೦–೨೭ ಹಾಗೆಯೇ ನಿಂತಿತು. ಯಂತ್ರವು ಹೆಚ್ಚು ನೋಡಬಹುದು. ನೋಡಿದ ಮೇಲೆ ಜಯವನ್ನು ಯಾರ ಕೈಯಲ್ಲಿಡಬೇಕೆಂಬುದನ್ನು ಗೆದ್ದವರಿಗೆ ಹೇಳಿಕೊಡುವ ಯಂತ್ರ ಇನ್ನೂ ಬಂದಿಲ್ಲ.

ಸತ್ಕಾರ್ಯಕ್ಕೆ ಕೂಡಲೆ ಸತ್ಫಲ ದೊರೆಯುತ್ತದೆಂದು ಎಣಿಸುವವರಿಗೆ ಕಾರ್ನೆಲ್‌ನ ಕಥೆ ಆಶಾಭಂಗವನ್ನೇ ಉಂಟುಮಾಡುತ್ತದೆ. ತಂತಿ ಹೋದ ವಾರದಲ್ಲಿಯೇ, ನವೆಂಬರ್ ೨೩ರ ಶನಿವಾರ, ಅವರು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಎದುರು ೨೨–೨೦ರಿಂದ ಸೋತರು. ಅಲ್ಲಿ ಯಾರ ಎಣಿಕೆಯೂ ತಪ್ಪಿರಲಿಲ್ಲ. ಏಳು ದಿನಗಳ ಹಿಂದೆ ರಾಷ್ಟ್ರದ ಪ್ರಥಮಸ್ಥಾನದ ಆಸೆಯಿದ್ದ ತಂಡಕ್ಕೆ ಒಂದರ ಹಿಂದೆ ಒಂದು ಎರಡು ಸೋಲುಗಳು. ಅವುಗಳಲ್ಲಿ ಮೊದಲನೆಯದನ್ನು ಬರೆದುಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾರ್ನೆಲ್‌ನ ದಾಖಲೆಯಲ್ಲಿ ಡಾರ್ಟ್‌ಮತ್ ೩, ಕಾರ್ನೆಲ್ ೦ ಎಂದು ಅದು ಇಂದಿಗೂ ಇದೆ.